ಭಾಷಣ ಕ್ಲಬ್‌ನ ಒಂದು ಸಭೆ: ವಾರದ ಮುಂಚಿನ ಫೋನ್‌ನಿಂದ ಮರುದಿನದ ಫೋನ್‌ವರೆಗೆ

ಭಾಷಣ ಕ್ಲಬ್‌ನ ಸಭೆ ಚೆನ್ನಾಗಿ ನಡೆಯಿತೋ ಇಲ್ಲವೋ ಅಂತ ತಿಳಿಯಲು ನಾನು ನೋಡುವುದು ಒಂದೇ ವಿಷಯ. ಅವತ್ತು ಮೊದಲ ಸಲ ಎದ್ದು ನಿಂತು ಮಾತಾಡಿದವರು ಮುಂದಿನ ಸಭೆಗೂ ಬಂದರೇ? ಚಪ್ಪಾಳೆ ಎಷ್ಟು ಬಿತ್ತು, ಫೋಟೋ ಹೇಗೆ ಬಂತು ಅನ್ನುವುದೆಲ್ಲ ಆಮೇಲಿನ ಮಾತು. ಕೈ ನಡುಗುತ್ತಾ ನಿಂತ ಆ ಒಬ್ಬರಿಗಾಗಿ ಕುರ್ಚಿ, ಗಡಿಯಾರ, ಪಟ್ಟಿ, ವಿಮರ್ಶೆ ಎಲ್ಲವನ್ನೂ ಹೊಂದಿಸಬೇಕು. ಅದು ಹೇಗೆ ಅಂತ ಹಂತ ಹಂತವಾಗಿ ಹೇಳುತ್ತೇನೆ.

ಇಲ್ಲಿರುವ ಕ್ರಮದ ಮೂಲ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳದ್ದು. 1924ರ ಅಕ್ಟೋಬರ್ 22ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂಟಾ ಆನಾ ಊರಿನಲ್ಲಿ, ವೈಎಂಸಿಎ ಕಟ್ಟಡದ ನೆಲಮಾಳಿಗೆಯಲ್ಲಿ ರಾಲ್ಫ್ ಸ್ಮೆಡ್ಲಿ ಅದರ ಮೊದಲ ಸಭೆ ಸೇರಿಸಿದರು. ನೂರು ವರ್ಷ ದಾಟಿದರೂ ಮೂಲ ಕ್ರಮ ಹಾಗೇ ಇದೆ. ಕೆಲವರು ತಯಾರಿ ಮಾಡಿಕೊಂಡು ಬಂದು ಮಾತಾಡುತ್ತಾರೆ. ಕೆಲವರು ತಯಾರಿ ಇಲ್ಲದೆ ಮಾತಾಡುತ್ತಾರೆ. ತಯಾರಿ ಭಾಷಣ ಮಾಡಿದವರಿಗೆ ಅಲ್ಲೇ, ಎಲ್ಲರ ಎದುರಿಗೇ ವಿಮರ್ಶೆ ಸಿಗುತ್ತದೆ. ಬೆಂಗಳೂರಿನ ಕಂಪನಿಗಳ ಒಳಗೆ ಇಂಥ ಕ್ಲಬ್‌ಗಳು ಬಹಳ ಇವೆ, ಹೆಚ್ಚಿನವು ಇಂಗ್ಲಿಷ್‌ನಲ್ಲಿ ನಡೆಯುತ್ತವೆ. ಕನ್ನಡದಲ್ಲಿ ನಡೆಸಲು ಯಾವ ಅಡ್ಡಿಯೂ ಇಲ್ಲ. ಟೋಸ್ಟ್‌ಮಾಸ್ಟರ್ಸ್ ಸಂಸ್ಥೆಯ ಅಧಿಕೃತ ಕ್ಲಬ್ ಆಗಬೇಕಾದರೆ ಕನಿಷ್ಠ 20 ಸದಸ್ಯರು ಬೇಕು, ಶುಲ್ಕ ಕಟ್ಟಬೇಕು. ಅಲ್ಲಿಯವರೆಗೆ ಕಾಯುವುದು ಬೇಡ. ಎಂಟು ಜನ, ಒಂದು ಕೋಣೆ ಸಿಕ್ಕರೆ ನಿಮ್ಮದೇ ಹೆಸರಿಟ್ಟುಕೊಂಡು ಶುರು ಮಾಡಬಹುದು.

ಮೊದಲು: ಸಮಾರಂಭದ ಅಭ್ಯಾಸ ಬಿಡಿ

ನಮ್ಮಲ್ಲಿ ನಾಲ್ಕು ಜನ ಸೇರಿದರೆ ಸಾಕು, ಪ್ರಾರ್ಥನೆ, ಸ್ವಾಗತ ಭಾಷಣ, ಪ್ರಾಸ್ತಾವಿಕ ನುಡಿ, ಹಾರ, ಶಾಲು, ವಂದನಾರ್ಪಣೆ ಎಲ್ಲ ತಾನಾಗಿಯೇ ಬಂದುಬಿಡುತ್ತದೆ. ಉದ್ಘಾಟನೆಗೆ ಅದು ಇರಲಿ. ಪ್ರತಿ ವಾರದ ಸಭೆಗೆ ಬೇಡ. ಹದಿನೈದು ಜನ ಎದ್ದು ನಿಂತಾಗಲೆಲ್ಲ "ವೇದಿಕೆಯ ಮೇಲೆ ಆಸೀನರಾಗಿರುವ" ಅಂತ ಶುರು ಮಾಡಿದರೆ ಅರ್ಧ ಸಭೆ ಅಲ್ಲೇ ಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಭಾಷಣದ ಮೊದಲ ಮೂವತ್ತು ಸೆಕೆಂಡಿನಲ್ಲಿ ಕೇಳುವವರ ಗಮನ ಪೂರ್ತಿ ನಮ್ಮ ಮೇಲಿರುತ್ತದೆ. ಆ ಬೆಲೆಬಾಳುವ ಜಾಗವನ್ನು ಹೆಸರುಗಳ ಪಟ್ಟಿ ನುಂಗಿಬಿಡುತ್ತದೆ.

ಅದಕ್ಕೆ ಮೊದಲ ಸಭೆಯಲ್ಲೇ ಒಂದು ನಿಯಮ ಹೇಳಿಬಿಡಿ: "ಸ್ನೇಹಿತರೇ, ನಮಸ್ಕಾರ" ಅಂದರೆ ಸಾಕು, ಸೀದಾ ವಿಷಯಕ್ಕೆ ಬನ್ನಿ. ವೇದಿಕೆ ಬೇಡ, ಮುಖ್ಯ ಅತಿಥಿ ಬೇಡ. ಹಿರಿಯರು ಬಂದರೆ ಗೌರವದಿಂದ ಕೂರಿಸಿ, ಆದರೆ ಅವರೂ ಎಲ್ಲರ ಜೊತೆಗೇ ಕೂರಲಿ.

ಒಂದು ವಾರ ಮುಂಚೆ

ಸಭೆಯ ಮುಕ್ಕಾಲು ಕೆಲಸ ಇಲ್ಲೇ ಇದೆ. ಭಾನುವಾರ ಬೆಳಿಗ್ಗೆ ಸಭೆ ಅಂದುಕೊಳ್ಳೋಣ. ಹಿಂದಿನ ಸಭೆಯಿಂದ ಜನ ಎದ್ದು ಹೋಗುವ ಮೊದಲೇ ಮುಂದಿನ ಸಭೆಯ ಜವಾಬ್ದಾರಿಗಳಿಗೆ ಹೆಸರು ಬರೆದುಕೊಳ್ಳಿ. ಎದುರಿಗೆ ಇದ್ದಾಗ "ಆಯ್ತು" ಅನ್ನುವವರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದರೆ ಸುಮ್ಮನಿದ್ದುಬಿಡುತ್ತಾರೆ.

ಬೇಕಾದವರು ಇಷ್ಟು: ಒಬ್ಬರು ನಿರೂಪಕರು. ಮೂವರು ತಯಾರಿ ಮಾಡಿದ ಭಾಷಣಕಾರರು. ಅವರಿಗೆ ಒಬ್ಬೊಬ್ಬರಂತೆ ಮೂವರು ವಿಮರ್ಶಕರು. ಆಶುಭಾಷಣ ನಡೆಸುವವರು ಒಬ್ಬರು. ಟೈಮರ್ ಒಬ್ಬರು. ಮಾತಿನ ನಡುವೆ ಬರುವ "ಆ... ಊಂ..." ಎಣಿಸುವವರು ಒಬ್ಬರು. ಭಾಷೆ ನೋಡುವವರು ಒಬ್ಬರು. ಕೊನೆಗೆ ಇಡೀ ಸಭೆಯನ್ನೇ ಗಮನಿಸಿ ಮಾತಾಡುವ ಪ್ರಧಾನ ವಿಮರ್ಶಕರು. ಒಟ್ಟು ಹನ್ನೆರಡು ಜನ ಆಯಿತು. ಅಷ್ಟು ಜನ ಇಲ್ಲ ಅಂದರೆ ಭಾಷಣ ಎರಡಕ್ಕೆ ಇಳಿಸಿ, ಎಣಿಸುವ ಕೆಲಸ ಮತ್ತು ಭಾಷೆ ನೋಡುವ ಕೆಲಸ ಒಬ್ಬರಿಗೇ ಕೊಡಿ. ಟೈಮರ್‌ಗೆ ಮಾತ್ರ ಬೇರೆ ಕೆಲಸ ಹಚ್ಚಬೇಡಿ. ಅವರ ಕಣ್ಣು ಒಂದು ಕ್ಷಣ ಆಚೀಚೆ ಹೋದರೂ ಲೆಕ್ಕ ತಪ್ಪುತ್ತದೆ.

ಬುಧವಾರ ಅಥವಾ ಗುರುವಾರ ಎಲ್ಲರಿಗೂ ಫೋನ್ ಮಾಡಿ. ಮೆಸೇಜ್ ಸಾಲದು, ಫೋನೇ ಮಾಡಿ. ಭಾಷಣಕಾರರಿಗೆ ಮೂರು ಪ್ರಶ್ನೆ ಕೇಳಿ: ವಿಷಯ ಯಾವುದು, ಎಷ್ಟು ನಿಮಿಷ, ಈ ಸಲ ಯಾವುದನ್ನು ಸುಧಾರಿಸಿಕೊಳ್ಳಬೇಕು ಅಂತಿದ್ದೀರಿ? ಮೂರನೆಯ ಪ್ರಶ್ನೆಗೆ ಬಂದ ಉತ್ತರವನ್ನು ಅವರ ವಿಮರ್ಶಕರಿಗೆ ತಿಳಿಸಿ. "ಕಾಗದ ನೋಡದೆ ಮಾತಾಡಬೇಕು" ಅಂತ ಒಬ್ಬರು ಹೇಳಿದ್ದರೆ, ವಿಮರ್ಶಕರು ಅದನ್ನೇ ಗಮನಿಸಬೇಕು ಅಲ್ವಾ?

ಶುಕ್ರವಾರ ರಾತ್ರಿಯೊಳಗೆ ಪಟ್ಟಿ ಎಲ್ಲರ ಫೋನಿಗೆ ಹೋಗಿರಲಿ. ಕೊನೆ ಗಳಿಗೆಯಲ್ಲಿ ಯಾರೋ ಒಬ್ಬರು ಬರುವುದಿಲ್ಲ ಅನ್ನುವುದು ಪ್ರತಿ ಸಭೆಯಲ್ಲೂ ಇದ್ದದ್ದೇ. ಅದಕ್ಕೆ ಅನುಭವ ಇರುವ ಒಬ್ಬ ಸದಸ್ಯರಿಗೆ ಯಾವ ಜವಾಬ್ದಾರಿಯನ್ನೂ ಕೊಡದೆ ಖಾಲಿ ಇಟ್ಟುಕೊಳ್ಳಿ.

ಜಾಗ

ಸರ್ಕಾರಿ ಶಾಲೆಯ ಕೊಠಡಿ, ಗ್ರಂಥಾಲಯದ ಸಣ್ಣ ಹಾಲ್, ಅಪಾರ್ಟ್‌ಮೆಂಟಿನ ಕ್ಲಬ್ ಹೌಸ್, ಸಮುದಾಯ ಭವನದ ಒಂದು ಮೂಲೆ, ಯಾವುದಾದರೂ ಆದೀತು. ಜಾಗ ದೊಡ್ಡದಿರುವುದಕ್ಕಿಂತ ಪ್ರತಿ ಸಲ ಒಂದೇ ಇರುವುದು ಮುಖ್ಯ. ಇಪ್ಪತ್ತು ಜನಕ್ಕೆ ಇನ್ನೂರು ಕುರ್ಚಿಯ ಹಾಲ್ ಹಿಡಿದರೆ ಮಾತಾಡುವವರಿಗೆ ಖಾಲಿ ಕುರ್ಚಿಗಳೇ ಕಾಣುತ್ತವೆ.

ಕುರ್ಚಿಗಳನ್ನು ಅರ್ಧ ವೃತ್ತದಲ್ಲಿ ಹಾಕಿ. ಬರುತ್ತಾರೆ ಅಂದುಕೊಂಡವರಿಗಿಂತ ನಾಲ್ಕು ಕಡಿಮೆಯೇ ಇರಲಿ, ಉಳಿದದ್ದನ್ನು ಗೋಡೆಗೆ ಒರಗಿಸಿಡಿ. ಜನ ಬಂದ ಹಾಗೆ ಸೇರಿಸಬಹುದು. ಇಪ್ಪತ್ತೈದು ಜನದವರೆಗೆ ಮೈಕ್ ಕೊಡಬೇಡಿ. ಎದುರು ಗೋಡೆಯವರೆಗೆ ದನಿ ಮುಟ್ಟಿಸುವುದೂ ಕಲಿಯಬೇಕಾದ ವಿಷಯವೇ. ಮುಂಚೆಯೇ ಹೋಗಿ ಫ್ಯಾನ್ ಹಾಕಿ ನೋಡಿ. ಸದ್ದು ಜಾಸ್ತಿ ಇದ್ದರೆ ಮಾತಾಡುವ ಜಾಗದ ಮೇಲಿನದ್ದನ್ನು ಆರಿಸಿಬಿಡಿ. ಬಾಗಿಲು ಭಾಷಣಕಾರರ ಬೆನ್ನಿನ ಕಡೆ ಇರಬಾರದು. ತಡವಾಗಿ ಬಂದವರೆಲ್ಲ ಅವರ ಹಿಂದಿನಿಂದ ನುಗ್ಗಿದರೆ ಕೇಳುವವರ ಕಣ್ಣು ಅತ್ತ ಹೋಗುತ್ತದೆ.

ಬಾಗಿಲಲ್ಲಿ ಒಬ್ಬರು ನಿಂತಿರಲಿ. ಹೊಸಬರು ಒಳಗೆ ಬಂದಾಗ ಹೆಸರು ಕೇಳಿ, ಒಬ್ಬ ಹಳೆಯ ಸದಸ್ಯರ ಪಕ್ಕ ಕೂರಿಸಬೇಕು. ಟೋಸ್ಟ್‌ಮಾಸ್ಟರ್ಸ್‌ನಲ್ಲಿ ಈ ಕೆಲಸಕ್ಕೆ ಸಾರ್ಜೆಂಟ್ ಅಟ್ ಆರ್ಮ್ಸ್ ಅನ್ನುವ ಹುದ್ದೆಯೇ ಇದೆ. ಕುರ್ಚಿ, ಬೋರ್ಡು, ಬೀಗದ ಕೈ ಎಲ್ಲ ಅವರ ಸುಪರ್ದಿ.

ಒಂದೂವರೆ ಗಂಟೆಯ ಪಟ್ಟಿ

ಮೂರು ಭಾಷಣದ ಸಭೆಗೆ 90 ನಿಮಿಷ ಸರಿಯಾಗುತ್ತದೆ. ಹತ್ತಕ್ಕೆ ಶುರು ಅಂದರೆ ಹೀಗೆ:

10:00 – ಕ್ಲಬ್‌ನ ಅಧ್ಯಕ್ಷರ ಸ್ವಾಗತ, ಹೊಸಬರ ಪರಿಚಯ
10:05 – ನಿರೂಪಕರು ಸಭೆ ವಹಿಸಿಕೊಳ್ಳುವುದು. ಟೈಮರ್, ಎಣಿಸುವವರು, ಭಾಷೆ ನೋಡುವವರು ತಮ್ಮ ಕೆಲಸ ವಿವರಿಸುವುದು
10:10 – ತಯಾರಿ ಮಾಡಿದ ಮೂರು ಭಾಷಣ
10:40 – ಆಶುಭಾಷಣ
11:00 – ಮೂರು ವಿಮರ್ಶೆ
11:12 – ಟೈಮರ್, ಎಣಿಕೆ, ಭಾಷೆಯ ವರದಿ
11:18 – ಪ್ರಧಾನ ವಿಮರ್ಶಕರ ಮಾತು
11:23 – ಹೊಸಬರ ಅನಿಸಿಕೆ, ಮುಂದಿನ ಸಭೆಯ ಹೆಸರುಗಳು
11:30 – ಮುಕ್ತಾಯ

ಹತ್ತಕ್ಕೆ ಅಂದರೆ ಹತ್ತಕ್ಕೇ. ಐದೇ ಜನ ಇದ್ದರೂ ಶುರು ಮಾಡಿ. "ಇನ್ನೂ ಜನ ಬರಲಿ" ಅಂತ ಕಾದರೆ, ಸಮಯಕ್ಕೆ ಸರಿಯಾಗಿ ಬಂದ ಐದು ಜನರಿಗೆ ಮುಂದಿನ ಸಲ ತಡವಾಗಿ ಬನ್ನಿ ಅಂತ ನಾವೇ ಹೇಳಿಕೊಟ್ಟ ಹಾಗಾಗುತ್ತದೆ. ಮುಗಿಸುವುದೂ ಅಷ್ಟೇ ಮುಖ್ಯ. ಭಾನುವಾರದ ಊಟಕ್ಕೆ ಮನೆಯವರು ಕಾಯುತ್ತಿರುತ್ತಾರೆ. ಪ್ರತಿ ಸಲ ಅರ್ಧ ಗಂಟೆ ಎಳೆದರೆ ಮೂರನೇ ವಾರಕ್ಕೆ ಮನೆಯಲ್ಲೇ ತಡೆ ಬೀಳುತ್ತದೆ.

ನಿರೂಪಕರ ಕೆಲಸ

ನಿರೂಪಕರು ಸಭೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಬೇಕು, ಅಷ್ಟೇ. ಪ್ರತಿ ಭಾಷಣದ ನಂತರ ಕವನ, ಗಾದೆ, ತಮ್ಮದೇ ಅಭಿಪ್ರಾಯ ಸೇರಿಸುವ ಆಸೆ ಬರುತ್ತದೆ. ಬೇಡ. ಭಾಷಣದ ಮೇಲೆ ಅಭಿಪ್ರಾಯ ಹೇಳಲು ವಿಮರ್ಶಕರಿದ್ದಾರೆ.

ಪರಿಚಯ ಅರ್ಧ ನಿಮಿಷದಲ್ಲಿ ಮುಗಿಯಲಿ. ಯಾರು, ಇದು ಅವರ ಎಷ್ಟನೇ ಭಾಷಣ, ಎಷ್ಟು ನಿಮಿಷ, ಭಾಷಣದ ಹೆಸರು. ಕೊನೆಯಲ್ಲಿ ಅವರ ಹೆಸರು ಹೇಳಿ ಚಪ್ಪಾಳೆ ಶುರು ಮಾಡಿ. ಅವರು ಮುಂದೆ ಬರುವ ತನಕ ನೀವು ಅಲ್ಲೇ ನಿಂತಿರಿ, ಬಂದ ಮೇಲೆ ಕೈಕುಲುಕಿ ಅಥವಾ ಕೈಮುಗಿದು ಜಾಗ ಬಿಟ್ಟುಕೊಡಿ. ಮಾತಾಡುವ ಜಾಗ ಒಂದು ಕ್ಷಣವೂ ಖಾಲಿ ಉಳಿಯಬಾರದು. ಹೊಸಬರಿಗೆ ಖಾಲಿ ಜಾಗಕ್ಕೆ ನಡೆದು ಹೋಗುವುದೇ ಎಲ್ಲಕ್ಕಿಂತ ಕಷ್ಟ. ಅಲ್ಲಿ ನಗುತ್ತಾ ಒಬ್ಬರು ಕಾಯುತ್ತಿದ್ದರೆ ಆ ನಾಲ್ಕು ಹೆಜ್ಜೆ ಹಗುರವಾಗುತ್ತದೆ.

ಭಾಷಣ ಮುಗಿದ ಮೇಲೆ ಒಂದು ನಿಮಿಷ ಯಾರೂ ಮಾತಾಡಬಾರದು. ಎಲ್ಲರೂ ಸಣ್ಣ ಚೀಟಿಯಲ್ಲಿ ಭಾಷಣಕಾರರಿಗೆ ಎರಡು ಸಾಲು ಬರೆಯಲಿ. ಆ ಚೀಟಿಗಳನ್ನು ಸಭೆಯ ಕೊನೆಗೆ ಅವರಿಗೆ ಕೊಡಿ.

ಟೈಮರ್: ಹಸಿರು, ಹಳದಿ, ಕೆಂಪು

ಮೂರು ಬಣ್ಣದ ಡ್ರಾಯಿಂಗ್ ಶೀಟ್, ಫೋನಿನ ಸ್ಟಾಪ್‌ವಾಚ್. ಖರ್ಚು ಇಷ್ಟೇ. ಟೈಮರ್ ಹಿಂದಿನ ಸಾಲಿನ ನಡುವೆ, ಭಾಷಣಕಾರರಿಗೆ ನೇರವಾಗಿ ಕಾಣುವಂತೆ ಕೂರಬೇಕು.

5ರಿಂದ 7 ನಿಮಿಷದ ಭಾಷಣಕ್ಕೆ ಐದಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ಹೊಸ ಸದಸ್ಯರು ತಮ್ಮ ಪರಿಚಯ ಮಾಡಿಕೊಳ್ಳುವ ಮೊದಲ ಭಾಷಣ 4ರಿಂದ 6 ನಿಮಿಷ. ಅದಕ್ಕೆ ನಾಲ್ಕು, ಐದು, ಆರು. ಆಶುಭಾಷಣ 1ರಿಂದ 2 ನಿಮಿಷ, ಒಂದೂವರೆಗೆ ಹಳದಿ. ವಿಮರ್ಶೆ 2ರಿಂದ 3 ನಿಮಿಷ, ಎರಡೂವರೆಗೆ ಹಳದಿ. ಎಲ್ಲದಕ್ಕೂ ಆಚೀಚೆ 30 ಸೆಕೆಂಡ್ ರಿಯಾಯಿತಿ. ಕಾರ್ಡ್ ಎತ್ತಿದ ಮೇಲೆ ಇಳಿಸಬೇಡಿ, ಮುಂದಿನ ಬಣ್ಣ ಬರುವ ತನಕ ಹಿಡಿದಿರಿ. ಭಾಷಣಕಾರರು ಆಗ ಬೇರೆ ಕಡೆ ನೋಡುತ್ತಿದ್ದಿರಬಹುದು.

ಈ ಗಡಿಯಾರದ ವಿಷಯದಲ್ಲಿ ನಾನು ಸ್ವಲ್ಪ ಹಠ ಹಿಡಿಯುತ್ತೇನೆ. ಮೂವರು ಮೂರು ಮೂರು ನಿಮಿಷ ಜಾಸ್ತಿ ತೆಗೆದುಕೊಂಡರೆ ಕೊನೆಗೆ ಕತ್ತರಿ ಬೀಳುವುದು ವಿಮರ್ಶೆಗೆ. ವಿಮರ್ಶೆ ಹೋದರೆ ಭಾಷಣಕಾರರು ಮನೆಗೆ ಕೊಂಡೊಯ್ಯಲು ಏನೂ ಉಳಿಯುವುದಿಲ್ಲ. ಕೆಂಪು ಬಂದು ಒಂದು ನಿಮಿಷ ದಾಟಿದರೆ ನಿರೂಪಕರು ಎದ್ದು ನಿಲ್ಲಲಿ. ಎಷ್ಟೇ ಹಿರಿಯರಾದರೂ ಇದೇ ನಿಯಮ. ಮೊದಲ ಭಾಷಣ ಮಾಡುವವರಿಗೆ ಮಾತ್ರ ಸ್ವಲ್ಪ ಬಿಟ್ಟುಕೊಡಿ. ಅವರಿಗೆ ಸಾಮಾನ್ಯವಾಗಿ ಸಮಯ ಮೀರುವುದೇ ಇಲ್ಲ, ಎರಡೇ ನಿಮಿಷಕ್ಕೆ ಮುಗಿದುಹೋಗುತ್ತದೆ. ಹಾಗಾದರೂ ಪೂರ್ತಿ ಚಪ್ಪಾಳೆ ಹೊಡೆಯಿರಿ.

ಆಶುಭಾಷಣ

ಶಾಲೆಯ ಆಶುಭಾಷಣ ಸ್ಪರ್ಧೆ ನೆನಪಿದೆಯಾ? ಚೀಟಿ ಎತ್ತುವುದು, ಅದರಲ್ಲಿ "ಪರಿಸರ ಮಾಲಿನ್ಯ" ಅಂತ ಬರೆದಿರುವುದು, ಎದೆ ಧಸಕ್ ಅನ್ನುವುದು. ಆ ಹೆದರಿಕೆಯನ್ನು ಇಲ್ಲಿಗೆ ತರಬೇಡಿ.

ಒಳ್ಳೆಯ ಪ್ರಶ್ನೆಗೆ ಸಾಮಾನ್ಯ ಜ್ಞಾನ ಬೇಕಾಗಿಲ್ಲ, ಬದುಕಿದ್ದರೆ ಸಾಕು. "ಜಾಗತೀಕರಣದಿಂದ ಗ್ರಾಮೀಣ ಬದುಕಿನ ಮೇಲಾದ ಪರಿಣಾಮವೇನು?" ಅಂತ ಕೇಳಿದರೆ ಓದಿಕೊಂಡವರೂ ತಡವರಿಸುತ್ತಾರೆ. ಅದರ ಬದಲು ಹೀಗೆ ಕೇಳಿ: "ನಿಮ್ಮ ಮನೆಯಲ್ಲಿ ಯಾರಿಗೂ ಬೇಡವಾದ, ಆದರೆ ನಿಮಗೆ ಬಿಸಾಡಲು ಮನಸ್ಸು ಬಾರದ ವಸ್ತು ಯಾವುದು?" "ಊರಿನ ಬಸ್ ನಿಲ್ದಾಣದಲ್ಲಿ ಒಂದೇ ಒಂದು ಬದಲಾವಣೆ ಮಾಡುವ ಅಧಿಕಾರ ಸಿಕ್ಕರೆ ಏನು ಮಾಡ್ತೀರಿ?" "ನಿಮಗೆ ಅಡುಗೆ ಕಲಿಸಿದವರು ಯಾರು, ಹೇಗೆ ಕಲಿಸಿದರು?" ಇದಕ್ಕೆ ಉತ್ತರ ಇಲ್ಲದವರು ಯಾರೂ ಇಲ್ಲ. ಜಾತಿ, ರಾಜಕೀಯ, ಸಂಬಳ, ಮದುವೆ ಯಾವಾಗ ಅನ್ನುವಂಥ ಪ್ರಶ್ನೆ ದೂರ ಇಡಿ.

ಕೇಳುವ ಕ್ರಮವೂ ಮುಖ್ಯ. ಮೊದಲು ಪ್ರಶ್ನೆ ಹೇಳಿ, ಎರಡು ಸೆಕೆಂಡ್ ಬಿಡಿ, ಆಮೇಲೆ ಹೆಸರು ಕರೆಯಿರಿ. ಹೆಸರು ಮೊದಲೇ ಕರೆದರೆ ಉಳಿದವರೆಲ್ಲ ನಿಟ್ಟುಸಿರು ಬಿಟ್ಟು ಯೋಚಿಸುವುದನ್ನೇ ನಿಲ್ಲಿಸುತ್ತಾರೆ. ಪ್ರಶ್ನೆ ಮೊದಲು ಬಂದರೆ ಕೋಣೆಯಲ್ಲಿರುವ ಪ್ರತಿಯೊಬ್ಬರ ತಲೆಯಲ್ಲೂ ಒಂದು ಉತ್ತರ ಓಡುತ್ತದೆ. ಆ ದಿನ ಬೇರೆ ಜವಾಬ್ದಾರಿ ಇಲ್ಲದವರನ್ನು ಮೊದಲು ಕರೆಯಿರಿ. ಹೊಸಬರನ್ನು ಬಾಗಿಲಲ್ಲೇ ಕೇಳಿಕೊಂಡಿರಬೇಕು, ಅವರು ಒಪ್ಪಿದ್ದರೆ ಮಾತ್ರ ಕರೆಯಬೇಕು. ಒಬ್ಬರಿಗೆ ಪ್ರಶ್ನೆ ಮತ್ತು ನಡಿಗೆ ಸೇರಿ ಮೂರು ನಿಮಿಷ ಹಿಡಿದರೆ ಇಪ್ಪತ್ತು ನಿಮಿಷದಲ್ಲಿ ಆರು ಜನ ಮಾತಾಡಬಹುದು.

ಬರೆದುಕೊಳ್ಳದೆ ಮಾತಾಡುವುದು ನಮಗೇನೂ ಹೊಸದಲ್ಲ. ಕರಾವಳಿ, ಮಲೆನಾಡಿನ ತಾಳಮದ್ದಳೆಯಲ್ಲಿ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನದಲ್ಲಿ, ಹಾಡುವ ಭಾಗವತರ ಪದ್ಯ ಮುಗಿಯುತ್ತಿದ್ದಂತೆ ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು ಬಾಯಿಪಾಠದ ಮಾತಿಲ್ಲದೆ, ಎದುರಿನವರ ವಾದಕ್ಕೆ ಅಲ್ಲೇ ಉತ್ತರ ಕಟ್ಟುತ್ತಾರೆ. ನಿಮ್ಮ ಊರಿನ ಹತ್ತಿರ ಕೂಟ ನಡೆಯುತ್ತಿದ್ದರೆ ಇಡೀ ಕ್ಲಬ್ ಒಮ್ಮೆ ಹೋಗಿ ಕೂತು ಕೇಳಿ ಬನ್ನಿ. ಎದುರಿನವರ ಮಾತಿನ ಒಂದು ಎಳೆ ಹಿಡಿದು ತಮ್ಮ ಮಾತು ಶುರು ಮಾಡುವುದು ಹೇಗೆ ಅನ್ನುವುದನ್ನು ಅಲ್ಲಿ ಕಲಿಯಬಹುದು.

ವಿಮರ್ಶೆ

ಕ್ಲಬ್ ಉಳಿಯುವುದೂ ಮುಳುಗುವುದೂ ಇಲ್ಲೇ. ನಮ್ಮ ವಿಮರ್ಶೆಗಳು ಎರಡು ಕಡೆ ಜಾರುತ್ತವೆ. ಒಂದು, "ತುಂಬಾ ಅದ್ಭುತವಾಗಿ ಮಾತಾಡಿದಿರಿ, ಹೀಗೇ ಮುಂದುವರಿಯಿರಿ." ಇನ್ನೊಂದು, ತಪ್ಪುಗಳ ಪಟ್ಟಿ. ಮೊದಲನೆಯದರಿಂದ ಕಲಿಯಲು ಏನೂ ಇಲ್ಲ. ಎರಡನೆಯದನ್ನು ಕೇಳಿದವರು ಮತ್ತೆ ಬರುವುದಿಲ್ಲ.

ನಾನು ಹೊಸ ವಿಮರ್ಶಕರಿಗೆ ಹೇಳುವುದು ಇಷ್ಟು: ನೀವು ಕಂಡದ್ದನ್ನು, ಕೇಳಿದ್ದನ್ನು, ಆಗ ನಿಮಗೆ ಏನಾಯಿತು ಅನ್ನುವುದನ್ನು ಹೇಳಿ. "ಧ್ವನಿಯ ಏರಿಳಿತ ಚೆನ್ನಾಗಿತ್ತು" ಅನ್ನಬೇಡಿ. "ಅಜ್ಜಿ ಟ್ರಂಕ್ ತೆಗೆದರು ಅಂತ ಹೇಳಿ ನೀವು ಮೂರು ಸೆಕೆಂಡ್ ಸುಮ್ಮನಾದಿರಿ. ಒಳಗೆ ಏನಿದೆ ಅಂತ ನಾನು ಮುಂದಕ್ಕೆ ಬಾಗಿದೆ" ಅನ್ನಿ. ಆಗ ಅವರಿಗೆ ಯಾವುದನ್ನು ಮತ್ತೆ ಮಾಡಬೇಕು ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ.

ತಿದ್ದಿಕೊಳ್ಳುವ ಅಂಶ ಒಂದೇ ಇರಲಿ, ಜಾಸ್ತಿ ಅಂದರೆ ಎರಡು. ಅದನ್ನೂ ಮಾಡಿ ತೋರಿಸಿ. "ಕೊನೆ ಸರಿ ಇರಲಿಲ್ಲ" ಅಂದರೆ ಯಾರಿಗೂ ಉಪಯೋಗ ಇಲ್ಲ. "ಟ್ರಂಕಿನಲ್ಲಿ ಸಿಕ್ಕ ಪತ್ರ ಓದಿದಾಗಲೇ ಕಥೆ ಮುಗಿದಿತ್ತು. ಆಮೇಲಿನ ಒಂದು ನಿಮಿಷ ಅದರ ಅರ್ಥ ವಿವರಿಸಿದಿರಿ. ಮುಂದಿನ ಸಲ ಪತ್ರದ ಕೊನೆಯ ಸಾಲು ಓದಿ ಅಲ್ಲೇ ನಿಲ್ಲಿಸಿ ನೋಡಿ" ಅಂತ ಹೇಳಿ, ಆ ಕೊನೆಯನ್ನು ನೀವೇ ಒಮ್ಮೆ ನುಡಿದು ತೋರಿಸಿ.

ಭಾಷಣದ ವಿಷಯ ಒಪ್ಪಿಗೆಯಾಗದಿದ್ದರೆ ಅದನ್ನು ಚಹಾ ಹೊತ್ತಿನಲ್ಲಿ ಚರ್ಚಿಸಿ. ವಿಮರ್ಶೆ ಹೇಗೆ ಮಾತಾಡಿದರು ಅನ್ನುವುದಕ್ಕೆ ಮಾತ್ರ. ಬಟ್ಟೆ, ಮೈಬಣ್ಣ, ವಯಸ್ಸು ಯಾವುದೂ ಬರಬಾರದು. ಭಾಷಣಕಾರರು ವಿಮರ್ಶೆಗೆ ಉತ್ತರ ಕೊಡುವ ಹಾಗಿಲ್ಲ, ಕೇಳಿ ಬರೆದುಕೊಳ್ಳಬೇಕು ಅಷ್ಟೇ. ವಿಮರ್ಶಕರು ತಪ್ಪಿದರೆ ಅದನ್ನು ಹೇಳುವುದು ಪ್ರಧಾನ ವಿಮರ್ಶಕರ ಕೆಲಸ. ವಿಮರ್ಶಕರಿಗೂ ವಿಮರ್ಶೆ ಸಿಗುವುದು ಈ ಕ್ರಮದ ಸೊಗಸು.

ಎಣಿಕೆ ಮತ್ತು ಭಾಷೆ

ಎಣಿಸುವವರು "ಆ", "ಊಂ" ಜೊತೆಗೆ ನಮ್ಮ ಊರಿನ ತುಂಬುಪದಗಳನ್ನೂ ಹಿಡಿಯಬೇಕು: "ಏನಂದ್ರೆ", "ಅದು ಬಂದ್ಬಿಟ್ಟು", "ಮತ್ತೆ", "ಸೋ", "ಆಕ್ಚುಲಿ", "ಬೇಸಿಕಲಿ". ಹೆಸರಿನ ಮುಂದೆ ಗೆರೆ ಹಾಕುತ್ತಾ ಹೋಗಿ. ಕೊನೆಗೆ ಸಂಖ್ಯೆ ಹೇಳಿ ಮುಗಿಸಿ, ನಗೆಪಾಟಲು ಮಾಡಬೇಡಿ. ಮೊದಲ ಭಾಷಣ ಮಾಡಿದವರ ಎಣಿಕೆಯನ್ನು ಎಲ್ಲರೆದುರು ಓದದೆ ಚೀಟಿಯಲ್ಲಿ ಕೊಟ್ಟರೆ ಒಳ್ಳೆಯದು.

ಭಾಷೆ ನೋಡುವವರ ಕೆಲಸ ಇದಕ್ಕಿಂತ ನಾಜೂಕು. ಬೋರ್ಡಿನ ಮೇಲೆ ದಿನದ ಪದ ಒಂದನ್ನು ಬರೆಯಬೇಕು. "ಹುರುಪು", "ಹದ", "ಆಸರೆ" ತರಹ ಮಾತಿನಲ್ಲಿ ಸುಲಭವಾಗಿ ಕೂರುವ ಪದ ಇರಲಿ, ನಿಘಂಟಿನಲ್ಲಿ ಹುಡುಕಬೇಕಾದದ್ದು ಬೇಡ. ಯಾರು ಅದನ್ನು ಬಳಸಿದರು, ಯಾವ ಸಾಲು ಚೆನ್ನಾಗಿತ್ತು ಅಂತ ಗುರುತಿಸಬೇಕು.

ಆದರೆ ಧಾರವಾಡದವರ "ಹೇಳ್ರಿ", "ಬರ್ತೇನ್ರಿ" ತಪ್ಪಲ್ಲ. ಕುಂದಾಪುರದವರ ಕನ್ನಡ ತಪ್ಪಲ್ಲ. ಕಲಬುರಗಿಯವರ, ಚಾಮರಾಜನಗರದವರ ಮಾತೂ ತಪ್ಪಲ್ಲ. ಅವರವರ ಮನೆಮಾತಿನಲ್ಲಿ ಕಥೆ ಹೇಳಿದಾಗಲೇ ಅವರ ಮುಖದಲ್ಲಿ ಜೀವ ಬರುತ್ತದೆ. ಹಕಾರ, ಅಕಾರದ ಮೇಲೆ ಸಭೆಯಲ್ಲಿ ನಗು ಬಂದರೆ ನಿರೂಪಕರು ಆಗಲೇ ತಡೆಯಬೇಕು. ಉಚ್ಚಾರ ಸುಧಾರಿಸಿಕೊಳ್ಳಬೇಕು ಅಂತ ಅವರೇ ಕೇಳಿದರೆ ಪಕ್ಕಕ್ಕೆ ಕರೆದು ಹೇಳಿಕೊಡಿ. ಈ ಒಂದು ವಿಷಯದಲ್ಲಿ ಕನ್ನಡ ಕ್ಲಬ್‌ಗಳು ತುಂಬಾ ಎಚ್ಚರದಿಂದ ಇರಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಆನ್‌ಲೈನ್ ಸಭೆ

ಹೊರದೇಶದ ಕನ್ನಡಿಗರನ್ನೂ ಸೇರಿಸಿಕೊಳ್ಳಬೇಕಾದರೆ ನಮ್ಮ ಭಾನುವಾರ ರಾತ್ರಿ 8 ಗಂಟೆ ಅನುಕೂಲ. ದುಬೈನಲ್ಲಿ ಆಗ ಸಂಜೆ 6:30. ಬೇಸಿಗೆಯಲ್ಲಿ ಲಂಡನ್‌ನಲ್ಲಿ ಮಧ್ಯಾಹ್ನ 3:30, ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 10:30. ಚಳಿಗಾಲದಲ್ಲಿ ಅವೆರಡೂ ಒಂದು ಗಂಟೆ ಹಿಂದಕ್ಕೆ ಹೋಗುತ್ತವೆ, ಪಟ್ಟಿ ಕಳಿಸುವಾಗ ನೆನಪಿರಲಿ.

ಝೂಮ್‌ನಲ್ಲಿ ಟೈಮರ್ ತಮ್ಮ ಹಿನ್ನೆಲೆಯನ್ನೇ ಹಸಿರು, ಹಳದಿ, ಕೆಂಪಿಗೆ ಬದಲಾಯಿಸುತ್ತಾ ಹೋಗಬಹುದು. ಭಾಷಣಕಾರರು ಆ ಒಂದು ಚೌಕವನ್ನು ಪಿನ್ ಮಾಡಿಕೊಂಡರೆ ಸಾಕು. ಮಾತಾಡುವವರು ಸಾಧ್ಯವಾದರೆ ನಿಂತೇ ಮಾತಾಡಲಿ. ಮ್ಯೂಟ್ ನೋಡಿಕೊಳ್ಳಲು ಒಬ್ಬರನ್ನು ಪ್ರತ್ಯೇಕವಾಗಿ ನೇಮಿಸಿ, ಕರೆಂಟು ಹೋದರೆ ಸಭೆ ವಹಿಸಿಕೊಳ್ಳಲು ಬೇರೆ ಊರಿನ ಒಬ್ಬರಿಗೆ ಸಹ-ಹೋಸ್ಟ್ ಅಧಿಕಾರ ಕೊಟ್ಟಿಡಿ. ಅರ್ಧ ಜನ ಕೋಣೆಯಲ್ಲಿ, ಅರ್ಧ ಜನ ಫೋನಿನಲ್ಲಿ ಇರುವ ಸಭೆಯನ್ನು ಹೊಸ ಕ್ಲಬ್‌ಗಳು ಮಾಡದಿರುವುದೇ ಲೇಸು. ಎರಡೂ ಕಡೆಯವರಿಗೆ ಸರಿಯಾಗಿ ಕೇಳಿಸುವುದಿಲ್ಲ.

ಮುಗಿದ ಮೇಲೆ

ಹೊಸಬರಿಗೆ ಕೊನೆಯಲ್ಲಿ ಅರ್ಧ ನಿಮಿಷ ಕೊಡಿ, ಹೇಗನಿಸಿತು ಅಂತ ಹೇಳಲಿ. ಸದಸ್ಯತ್ವದ ಫಾರಂ ಆಗಲೇ ಮುಂದೆ ಚಾಚಬೇಡಿ. "ಅತ್ಯುತ್ತಮ ಭಾಷಣಕಾರ" ಅಂತ ಮತ ಹಾಕಿ ಬಹುಮಾನ ಕೊಡುವ ಪದ್ಧತಿ ಹಲವು ಕ್ಲಬ್‌ಗಳಲ್ಲಿದೆ. ಕ್ಲಬ್ ಶುರುವಾದ ಮೊದಲ ಕೆಲವು ತಿಂಗಳು ಅದು ಬೇಡ ಅಂತ ನನ್ನ ಅಭಿಪ್ರಾಯ. ಮೊದಲ ಭಾಷಣ ಮಾಡಿದವರು ಆ ದಿನ ಯಾರಿಗೂ ಸೋತಂತೆ ಆಗಬಾರದು.

ಮರುದಿನ ಎರಡು ಫೋನ್ ಕರೆ ಮಾಡಿ. ಒಂದು, ಬಂದಿದ್ದ ಹೊಸಬರಿಗೆ. ಇನ್ನೊಂದು, ಮೊದಲ ಭಾಷಣ ಮಾಡಿದವರಿಗೆ. ಅವರ ಭಾಷಣದ ಯಾವ ಮಾತು ನಿಮಗೆ ನೆನಪಿನಲ್ಲಿ ಉಳಿಯಿತು ಅಂತ ಹೇಳಿ, ಮುಂದಿನ ಸಭೆಯಲ್ಲಿ ಟೈಮರ್ ಆಗ್ತೀರಾ ಅಂತ ಕೇಳಿ. ಇನ್ನೊಂದು ಭಾಷಣ ಮಾಡಿ ಅಂತ ತಕ್ಷಣ ಒತ್ತಾಯಿಸಬೇಡಿ. ಕೈಯಲ್ಲಿ ಮೂರು ಕಾರ್ಡು ಹಿಡಿದು ಕೂತರೆ ಬರಲು ಒಂದು ಕಾರಣ ಇರುತ್ತದೆ, ಉಳಿದವರ ಮಾತನ್ನು ಗಮನವಿಟ್ಟು ಕೇಳಿದ ಹಾಗೂ ಆಗುತ್ತದೆ. ಅದರ ಮುಂದಿನ ಸಭೆಗೆ ಆಶುಭಾಷಣ, ಆಮೇಲೆ ಎರಡನೇ ಭಾಷಣ ಅಂತ ಅವರ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳಿ.